ಪಾತ್ರವಾಗಿ ನಿಂತ ಆಕರ: ಪುಷ್ಪಮಾಲಾ ಎನ್. ಅವರ ಛಾಯಾಚಿತ್ರಗಳು ಮತ್ತು ಸ್ತ್ರೀ ಇತಿಹಾಸ

ಹುಮನಾಬಾದ ಸಮೀಪದ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸ್ತ್ರೀಯ ಶಿಲ್ಪವೊಂದಿರುವುದು ನಮ್ಮ ಭಾಗದವರಿಗೆ ತಿಳಿದ ವಿಷಯವೇ ಆಗಿದೆ. ಶಾಸನಸುಂದರಿಯೆಂದು ಪ್ರಸಿದ್ಧಳಾದ ಈಕೆ ಬರೆಯುತ್ತಿರುವ ಸಂಸ್ಕೃತ ಬರಹವು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಸ್ತಿ. ಬರೆಯುವ ಕೈ ಹೆಣ್ಣಿನದು. ಬರಹದಲ್ಲಿ ಉಳಿದ ಹೆಸರು ಅರಸನದು. ನಾವು ತರಗತಿಯಲ್ಲಿ ಈ ಶಿಲ್ಪದ ಚಿತ್ರವನ್ನು ತೋರಿಸಿ, ಹನ್ನೆರಡನೆಯ ಶತಮಾನದ ಸ್ತ್ರೀಯರು ಅಕ್ಷರಸ್ಥರಾಗಿದ್ದರೆಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಚಿತ್ರವೊಂದನ್ನು ಆಕರವೆಂದು ಬಳಸುವ ಮುನ್ನ ಅದನ್ನು ಯಾರು, ಯಾವ ಸಾಧನದಿಂದ, ಯಾರ ಕಣ್ಣಿಗಾಗಿ ನಿರ್ಮಿಸಿದರೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲವೆಂದೇ ಹೇಳಬೇಕು. ಈ ಪ್ರಶ್ನೆಯನ್ನು ಇತಿಹಾಸಕಾರರಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿದವರು ಬೆಂಗಳೂರಿನ ಓರ್ವ ಕಲಾವಿದೆ.

1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿದರು. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅವರು ಛಾಯಾಚಿತ್ರದ ಕಡೆಗೆ ತಿರುಗಿದರು. ತಾವೇ ವೇಷ ಧರಿಸಿ, ಪಾತ್ರವಾಗಿ ನಿಂತು, ಆ ಅಭಿನಯವನ್ನು ಕ್ಯಾಮರಾದ ಮೂಲಕ ಕೃತಿಯಾಗಿಸುವ ಈ ವಿಧಾನಕ್ಕೆ ಫೋಟೋ ಪರ್ಫಾರ್ಮೆನ್ಸ್ ಎಂಬ ಹೆಸರು ಬಳಕೆಯಲ್ಲಿದೆ. 1996–98ರ ‘ಫ್ಯಾಂಟಮ್ ಲೇಡಿ’ ಸರಣಿಯಲ್ಲಿ ಅವರು 1935ರ ‘ಹಂಟರ್‌ವಾಲಿ’ ಚಿತ್ರದ ನಾದಿಯಾಳನ್ನು ನೆನಪಿಸುವ ಮುಖವಾಡದ ನಾಯಕಿಯಾಗಿ ಕಾಣಿಸಿಕೊಂಡರು. ಮುಂದೆ 2014ರಲ್ಲಿ ವಾಸ್ಕೋ ಡ ಗಾಮನ ಪಾತ್ರವನ್ನೂ ಧರಿಸಿದರು. ಇವೆಲ್ಲವೂ ಸ್ವಾರಸ್ಯಕರವಾಗಿದ್ದರೂ ಇತಿಹಾಸದ ವಿದ್ಯಾರ್ಥಿಗೆ ಅತ್ಯಂತ ಉಪಯುಕ್ತವಾದುದು, ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ಅವರು ರಚಿಸಿದ ‘ದಕ್ಷಿಣ ಭಾರತದ ದೇಶೀಯ ಸ್ತ್ರೀಯರು: ನಡೆನುಡಿ ಮತ್ತು ಆಚಾರಗಳು’ ಎಂಬರ್ಥದ ಶೀರ್ಷಿಕೆಯುಳ್ಳ ಸರಣಿ.

ಆ ಶೀರ್ಷಿಕೆಯನ್ನು ಓದಿದೊಡನೆ ವಸಾಹತುಕಾಲದ ಗ್ರಂಥಗಳು ಕಣ್ಮುಂದೆ ಬರುತ್ತವೆ. ಮೈಸೂರು ಸೀಮೆಯಲ್ಲಿ ಬಹುಕಾಲ ವಾಸಿಸಿದ ಅಬ್ಬೆ ದುಬಾಯ್ ಅವರ ಗ್ರಂಥ, 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ಪೀಪಲ್ ಆಫ್ ಇಂಡಿಯಾ’, ಎಡ್ಗರ್ ಥರ್ಸ್ಟನ್ನರ 1909ರ ಏಳು ಸಂಪುಟಗಳು, ಇವೆಲ್ಲವೂ ಜನರನ್ನು ಮಾದರಿಗಳಾಗಿ ವಿಂಗಡಿಸಿ ತೋರಿಸಿದಂಥವು. ಅಳತೆಯ ಈ ಹಂಬಲಕ್ಕೆ ಒಂದು ಯಂತ್ರವೂ ಇದ್ದಿತು. 1869ರಲ್ಲಿ ಜಾನ್ ಲ್ಯಾಂಪ್ರೇ ಎಂಬಾತನು ಏಳು ಅಡಿ ಎತ್ತರ, ಮೂರು ಅಡಿ ಅಗಲದ ಮರದ ಚೌಕಟ್ಟಿಗೆ ರೇಷ್ಮೆಯ ದಾರಗಳನ್ನು ಬಿಗಿದು, ಎರಡೆರಡು ಅಂಗುಲದ ಚೌಕಗಳನ್ನು ರಚಿಸಿ, ಅದರ ಮುಂದೆ ಮನುಷ್ಯರನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಕ್ರಮವನ್ನು ಸೂಚಿಸಿದನು. ಹೀಗೆ ತೆಗೆದ ಚಿತ್ರದಲ್ಲಿ ಎದುರಿಗಿರುವವರ ಹೆಸರು ಅನಾವಶ್ಯಕ. ಅವರ ತೋಳಿನ ಉದ್ದ ಸಾಕು.

ಪುಷ್ಪಮಾಲಾ ಅವರು ಇಂಥದೇ ಚೌಕಳಿಯ ಪರದೆಯ ಮುಂದೆ ತೋಡ ಸ್ತ್ರೀಯ ವೇಷದಲ್ಲಿ ನಿಂತರು. ಆ ಚಿತ್ರದಲ್ಲಿ ಅಳೆಯಲ್ಪಡುವ ದೇಹವು ಕ್ಯಾಮರಾದ ಏರ್ಪಾಟನ್ನು ನಿರ್ಧರಿಸಿದ ದೇಹವೂ ಆಗಿದೆ. ಇದೇ ಸರಣಿಯಲ್ಲಿ ರವಿವರ್ಮನ ಬೆಳದಿಂಗಳ ಸ್ತ್ರೀಯೂ, ಮುದ್ರಿತ ಪಟಗಳ ಲಕ್ಷ್ಮಿಯೂ, ವೃತ್ತಪತ್ರಿಕೆಯ ಅಪರಾಧಿಗಳ ಚಿತ್ರವೂ, ನಮ್ಮ ದಖನ್ನಿನ ಬಿಜಾಪುರ ಶೈಲಿಯ ಯೋಗಿನಿಯೂ ಒಬ್ಬಳೇ ಸ್ತ್ರೀಯ ಮೈಮೇಲೆ ಮರಳಿ ಬರುತ್ತಾರೆ. ದೇವತೆಯಾಗಿ ಪೂಜೆಗೊಂಡ ಮುಖವೂ ಕಳ್ಳಿಯೆಂದು ಸ್ಲೇಟು ಹಿಡಿದು ನಿಂತ ಮುಖವೂ ಒಂದೇ ಆದಾಗ, ವ್ಯತ್ಯಾಸವು ಹೆಣ್ಣಿನಲ್ಲಿಲ್ಲದೆ ಚೌಕಟ್ಟಿನಲ್ಲಿದೆಯೆಂಬುದು ನೋಡುವವನಿಗೆ ಹೊಳೆಯದೆ ಇರದು. ಸರಣಿಯ ನಾಲ್ಕನೆಯ ಭಾಗವು ಈ ಚಿತ್ರಗಳ ತಯಾರಿಕೆಯ ಚಿತ್ರಗಳನ್ನೇ ಒಳಗೊಂಡಿದೆ. ಸಂಶೋಧಕನು ಆಕರದ ಹುಟ್ಟನ್ನು ವಿವರಿಸುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿದೆಯೆಂದು ನನಗೆ ತೋರುವುದಿಲ್ಲ.

ಕ್ಯಾಮರಾವು ಎಲ್ಲೆಡೆಯೂ ಅಳತೆಗೋಲಾಗಿಯೇ ಬಂದಿತೆಂದು ಹೇಳಿದರೆ ಅತಿಯಾದೀತು. 1948ರವರೆಗೆ ಬೀದರ ಸೀಮೆಯು ಸೇರಿದ್ದ ಹೈದರಾಬಾದು ಸಂಸ್ಥಾನದ ರಾಜಧಾನಿಯಲ್ಲಿ, ನಿಜಾಮರ ಛಾಯಾಗ್ರಾಹಕರಾಗಿದ್ದ ಲಾಲಾ ದೀನದಯಾಳರು 1892ರಲ್ಲಿ ಸ್ತ್ರೀಯರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸಿದವರು ಶ್ರೀಮತಿ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆ. ಪರದೆಯೊಳಗಿನ ಸ್ತ್ರೀಯರು ಅಲ್ಲಿಗೆ ಬಂದು, ತಾವು ಬಯಸಿದಂತೆ ಅಲಂಕರಿಸಿಕೊಂಡು ಕುಳಿತಿರಬಹುದು. ಅದೇ ಯಂತ್ರ, ಅದೇ ಕಾಲ. ಆದರೆ ಹಣ ಕೊಟ್ಟು ಬಂದವಳಿಗೂ ಅಧಿಕಾರಿಯ ಅಪ್ಪಣೆಯಿಂದ ಬಂದು ನಿಂತವಳಿಗೂ ಅದು ಒಂದೇ ಆಗಿರಲಿಲ್ಲ.

ಪುಷ್ಪಮಾಲಾ ಅವರ ವಿಧಾನಕ್ಕೆ ಒಂದು ಆಕ್ಷೇಪವನ್ನು ಒಡ್ಡಬಹುದು. ವಿದ್ಯಾವಂತ ನಗರಸ್ತ್ರೀಯೊಬ್ಬರು ತೋಡ ಸ್ತ್ರೀಯ ವೇಷ ಧರಿಸುವುದು ಮತ್ತೊಂದು ಬಗೆಯ ಪ್ರದರ್ಶನವೇ ಆಗಲಿಲ್ಲವೇ? ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೊಸ ಚಿತ್ರದಲ್ಲಿ ನಿಂತವರ ಹೆಸರು ಲೋಕಕ್ಕೆ ತಿಳಿದಿದೆ. ಹಳೆಯ ಚಿತ್ರದಲ್ಲಿ ನಿಂತವಳ ಹೆಸರು ಇದರಿಂದ ಮರಳಿ ದೊರೆಯಲಿಲ್ಲ. ಕಲೆಯು ಇಲ್ಲಿ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿತೇ ಹೊರತು ನಷ್ಟವನ್ನು ತುಂಬಿಕೊಡಲಿಲ್ಲ. ದಾಖಲೆಗಳಲ್ಲಿ ಆ ಹೆಸರುಗಳನ್ನು ಹುಡುಕುವ ಹೊಣೆ ಕಲಾವಿದೆಯದಾಗಿರದೆ ನಮ್ಮದಾಗಿದೆ.

ಆದರೂ ದೇಹವನ್ನೇ ಸಾಧನವಾಗಿ ಬಳಸಿ ಚಿತ್ರವನ್ನು ಪರೀಕ್ಷಿಸುವ ಕ್ರಮವು ಎಷ್ಟು ಫಲಕಾರಿಯೆಂಬುದನ್ನು ನಾನು ಜಲಸಂಗ್ವಿಯಲ್ಲಿಯೇ ಕಂಡೆನು. ಮಂಠಾಳದ ಕಡೆಯಿಂದ ಬಂದ ಕೆಲವರು ವಿದ್ಯಾರ್ಥಿನಿಯರು ಅಂದು ನಮ್ಮ ತಂಡದಲ್ಲಿದ್ದರು. ಅವರಿಗೆ ಮೊದಲೇ ಪುಷ್ಪಮಾಲಾ ಅವರ ಚಿತ್ರಗಳನ್ನು ತೋರಿಸಿದ್ದೆನು. ಅವರಲ್ಲೊಬ್ಬಳು ಶಾಸನಸುಂದರಿಯಂತೆಯೇ ಸೊಂಟವನ್ನು ಬಳುಕಿಸಿ, ನೋಟ್‌ಪುಸ್ತಕವನ್ನು ಫಲಕದಂತೆ ಹಿಡಿದು, ಪೆನ್ನಿನ ಕೈಯೆತ್ತಿ ನಿಂತಳು. ಗೆಳತಿಯು ಮೊಬೈಲಿನಲ್ಲಿ ಚಿತ್ರ ತೆಗೆಯುವಷ್ಟರಲ್ಲಿ ಅವಳಿಗೆ ನಿಲ್ಲಲಾಗದೆ ನಗುತ್ತ ಹೇಳಿದಳು: “ಹಿಂಗ ನಿಂತು ಒಂದು ಸಾಲೂ ಬರೀಲಾಕ ಆಗಲ್ರಿ ಸರ್.”

ಆ ಭಂಗಿಯು ಬರೆಯುವವಳಿಗೆ ಬೇಕಾದುದಲ್ಲ, ನೋಡುವವನಿಗಾಗಿ ಶಿಲ್ಪಿಯು ಕಡೆದುದು ಎಂಬ ಮಾತನ್ನು ನಾನು ಅನೇಕ ವರ್ಷ ಆ ಗೋಡೆಯ ಮುಂದೆ ನಿಂತು ಪಾಠ ಹೇಳಿದರೂ ಕಂಡಿರಲಿಲ್ಲ. ಅಂದು ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗಿಯರು ತಮ್ಮ ತಮ್ಮ ಮನೆಗಳಲ್ಲಿರುವ ಅಜ್ಜಿಯರ ಹಳೆಯ ಫೋಟೋಗಳ ವಿಷಯವನ್ನು ಮಾತನಾಡುತ್ತಿದ್ದರು.