ಯಂತ್ರಕ್ಕೆ ಕಂಡದ್ದು ಹಿಂಡು ಮಾತ್ರ

ನಾವು ‘ಫಿಶ್ ಫೈಂಡರ್’ ಎನ್ನುವ ಯಂತ್ರಕ್ಕೆ ಜಪಾನಿ ಭಾಷೆಯಲ್ಲಿ ‘ಗ್ಯೊಗುನ್ ತಾಂಚಿಕಿ’ ಎಂದು ಹೆಸರು. ಬಿಡಿಸಿ ಹೇಳಿದರೆ, ಮೀನಿನ ಹಿಂಡನ್ನು ಪತ್ತೆ ಮಾಡುವ ಯಂತ್ರ. ಎರಡು ಹೆಸರುಗಳಲ್ಲಿ ಜಪಾನಿನದೇ ಹೆಚ್ಚು ಪ್ರಾಮಾಣಿಕ. ಮೀನಿಗೂ ಹಿಂಡಿಗೂ ಇರುವ ಈ ವ್ಯತ್ಯಾಸ ಬರೀ ಪದಗಳ ಮಾತಲ್ಲ. ಅದರ ಬೆಲೆಯನ್ನು ಒಂದು ಇಡೀ ಸಮುದ್ರವೇ ತೆತ್ತಿದೆ.

ಯಂತ್ರ ಹುಟ್ಟಿದ್ದು ಮೀನಿಗಾಗಿ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಶತ್ರುಗಳ ಜಲಾಂತರ್ಗಾಮಿಗಳನ್ನು ಹುಡುಕಲು ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಪ್ರಯೋಗಗಳು ನಡೆದವು. ಯುದ್ಧದ ನಂತರ ಅದೇ ತತ್ತ್ವ ಹಡಗಿನ ಕೆಳಗಿನ ಆಳ ಅಳೆಯಲು ಬಳಕೆಗೆ ಬಂತು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. ಹೋದ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮರಳಿದರೆ ತಳ 75 ಮೀಟರ್ ಕೆಳಗಿದೆ ಎಂದರ್ಥ. ಸುತ್ತುವ ಕಾಗದದ ಮೇಲೆ ಮುಳ್ಳೊಂದು ಆ ತಳದ ಗೆರೆಯನ್ನು ಎಳೆಯುತ್ತಾ ಹೋಗುತ್ತಿತ್ತು.

ಆ ಗೆರೆಗೂ ಹಡಗಿಗೂ ನಡುವೆ ಆಗಾಗ ಕಪ್ಪು ಕಲೆಗಳು ಮೂಡುತ್ತಿದ್ದವು. ಆಳವಷ್ಟೇ ಬೇಕಿದ್ದ ನಾವಿಕರಿಗೆ ಅವು ಕಸ. 1930ರ ದಶಕದಲ್ಲಿ ಇಂಗ್ಲೆಂಡಿನ ಹೆರಿಂಗ್ ದೋಣಿಯ ನಾಯಕ ರೊನಾಲ್ಡ್ ಬಾಲ್ಸ್ ಆ ಕಸವನ್ನೇ ಓದಲು ಶುರುಮಾಡಿದರು: ಯಾವ ಕಲೆ ಕಂಡಾಗ ಬಲೆ ತುಂಬಿತು, ಯಾವುದಕ್ಕೆ ಬರಿದಾಗಿ ಬಂತು ಎಂದು. 1935ರಲ್ಲಿ ನಾರ್ವೆಯ ವಿಜ್ಞಾನಿ ಓಸ್ಕರ್ ಸುಂಡ್ ಲೊಫೊಟೆನ್ ಬಳಿಯ ಕಾಡ್ ಮೀನುಗಳ ಇಂಥ ದಾಖಲೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಜಪಾನಿನ ನಾಗಸಾಕಿ ಪ್ರಾಂತ್ಯದ ಕುಚಿನೊತ್ಸು ಎಂಬ ಬಂದರಿನಲ್ಲಿ ಫುರುನೋ ಸೋದರರದು ದೋಣಿಗಳ ವಿದ್ಯುತ್ ಕೆಲಸ. ಹಿಂಡು ಇರುವಲ್ಲಿ ಗುಳ್ಳೆಗಳು ಏಳುತ್ತವೆ ಎಂದು ಅನುಭವಿ ಮೀನುಗಾರರೊಬ್ಬರು ಹೇಳಿದ ಮಾತು ಅವರ ತಲೆಯಲ್ಲಿ ಕೂತಿತು. ಗಾಳಿಗುಳ್ಳೆಗೆ ತಾಗಿದ ಶಬ್ದ ಮರಳಬೇಕಲ್ಲವೇ? ಎರಡನೇ ಯುದ್ಧ ಮುಗಿದ ಮೇಲೆ ಉಳಿದಿದ್ದ ನೌಕಾಪಡೆಯ ಆಳಮಾಪಕಗಳನ್ನು ಮಾರ್ಪಡಿಸಿ, ಸೋತು, ಮತ್ತೆ ತಿದ್ದಿ, 1948ರಲ್ಲಿ ಅವರು ಮೀನುಗಾರರಿಗೆಂದೇ ಮಾಡಿದ ಯಂತ್ರವನ್ನು ಮಾರುಕಟ್ಟೆಗೆ ತಂದರು.

ಗಾಳಿಯ ಊಹೆ ಸರಿಯಾಗಿಯೇ ಇತ್ತು. ಗಾಳಿಚೀಲವಿರುವ ಮೀನಿನಲ್ಲಿ ಪ್ರತಿಧ್ವನಿಯ ಬಹುಪಾಲು ಆ ಚೀಲದಿಂದಲೇ ಬರುತ್ತದೆ. ಶಾರ್ಕಿಗೂ ಅಟ್ಲಾಂಟಿಕ್ ಮ್ಯಾಕೆರೆಲ್‌ಗೂ ಅದಿಲ್ಲ. ಅವು ಮಸುಕಾಗಿ ಕಾಣುತ್ತವೆ. ತಳಕ್ಕೆ ಒತ್ತಿಕೊಂಡ ಮೀನು ತಳದ ಗೆರೆಯಲ್ಲೇ ಕರಗಿಹೋಗುತ್ತದೆ. ಹೀಗಾಗಿ ಹಳೆಯ ಯಂತ್ರವಿದ್ದ ದೋಣಿಯಲ್ಲೂ ಋತು, ನೀರಿನ ಬಣ್ಣ, ಹಕ್ಕಿಗಳ ಹಾರಾಟ ಬಲ್ಲವನ ಮಾತಿಗೇ ಬೆಲೆಯಿತ್ತು.

ಆದರೆ ಅನುಭವಿಯ ಕಣ್ಣಿಗೂ ಸುಲಭಕ್ಕೆ ಸಿಗದ ಒಂದು ಮೋಸ ಆ ಕಲೆಯಲ್ಲಿತ್ತು. ಹೆರಿಂಗ್ ಗುಂಪುಗೂಡುವ ಮೀನು. ಸಮುದ್ರದಲ್ಲಿ ಅದರ ಸಂಖ್ಯೆ ಅರ್ಧಕ್ಕಿಳಿದರೂ ಉಳಿದವು ಚದುರುವುದಿಲ್ಲ, ಮತ್ತೆ ದಟ್ಟ ಹಿಂಡು ಕಟ್ಟುತ್ತವೆ. ಕಾಗದದ ಮೇಲಿನ ಕಲೆ ಮೊದಲಿನಷ್ಟೇ ಕಪ್ಪು. ಹಿಂಡುಗಳು ಕಡಿಮೆಯಾಗಿರುತ್ತವೆ, ಆದರೆ ಯಂತ್ರವಿದ್ದವನಿಗೆ ಉಳಿದವನ್ನು ಹುಡುಕುವುದು ಕಷ್ಟವಲ್ಲ. ಬಲೆ ತುಂಬುತ್ತಲೇ ಇರುವಾಗ ಸಮುದ್ರ ಬರಿದಾಗುತ್ತಿದೆ ಎಂದು ನಂಬುವವರು ಯಾರು?

ಸೋನಾರ್, ದೊಡ್ಡ ಸುತ್ತುಬಲೆ, ಅದನ್ನು ಎಳೆಯುವ ಯಂತ್ರ ಮೂರೂ ಒಂದಾದ ಮೇಲೆ, 1960ರ ದಶಕದ ಕೊನೆಗೆ ನಾರ್ವೆಯ ಹೆರಿಂಗ್ ಸಂತತಿ ಕುಸಿಯಿತು. 1977ರಲ್ಲಿ ಉತ್ತರ ಸಮುದ್ರದಲ್ಲೂ ಹೆರಿಂಗ್ ಹಿಡಿಯುವುದನ್ನು ನಿಷೇಧಿಸಬೇಕಾಯಿತು. ತಪ್ಪು ಯಂತ್ರವೊಂದರದ್ದೇ ಅಲ್ಲ. ಆದರೆ ಮನುಷ್ಯನಿಗೆ ಗೊತ್ತಾಗದೆ ಉಳಿದುಕೊಳ್ಳುವ ಅವಕಾಶವನ್ನು ಮೀನಿನಿಂದ ಕಿತ್ತುಕೊಂಡದ್ದು ಅದೇ.

ಸುಂಡ್ ಹಿಡಿದ ದಾರಿ ಇನ್ನೊಂದು ಕಡೆ ಮುಂದುವರಿಯಿತು. ಇಂದು ಸಂಶೋಧನಾ ಹಡಗುಗಳು ಮೊದಲೇ ಗುರುತು ಮಾಡಿಕೊಂಡ ಸಾಲುಗಳಲ್ಲಿ, ಹಿಂಡು ಸಿಗಲಿ ಬಿಡಲಿ, ಸಮುದ್ರವನ್ನು ದಾಟಿ ಪ್ರತಿಧ್ವನಿಗಳನ್ನು ಕೂಡಿಸುತ್ತವೆ. ಎಷ್ಟು ಹಿಡಿಯಬಹುದು ಎಂಬ ನಿರ್ಧಾರಕ್ಕೆ ಆ ಲೆಕ್ಕವೂ ಆಧಾರ. ಯಂತ್ರದ ತತ್ತ್ವ ಎರಡೂ ಕಡೆ ಒಂದೇ. ಮೀನುಗಾರ ಖಾಲಿ ಕಾಗದವನ್ನು ದಾಟಿ ಮುಂದೆ ಹೋಗುತ್ತಾನೆ. ಎಣಿಸುವವರು ಆ ಖಾಲಿಯನ್ನೂ ಬರೆದುಕೊಳ್ಳುತ್ತಾರೆ.