ಹೊರ್ನೊ ಉರುಫ್ ರೊಗೊವ್: ನೆಲ ಹೋದ ಮೇಲೆ ನುಡಿ

'ಮುಳುಗಡೆ' ಎಂಬ ಪದವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಲಿಂಗನಮಕ್ಕಿಯಿಂದ ಆಲಮಟ್ಟಿಯವರೆಗೆ ನಮ್ಮ ನದಿಗಳ ಚರಿತ್ರೆಯಲ್ಲೆಲ್ಲ ಅದು ಹರಡಿಕೊಂಡಿದೆ. ಕಡುಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ಜನ ಹೋಗಿ ನೋಡಿ ಬರುತ್ತಾರೆ. ನೀರು ತಾನು ನುಂಗಿದ್ದನ್ನು ಒಮ್ಮೊಮ್ಮೆಯಾದರೂ ತೋರಿಸುತ್ತದೆ. ಕಲ್ಲಿದ್ದಲಿಗಾಗಿ ತೆರವಾದ ಊರಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ ಊರು ನಿಂತಿದ್ದ ನೆಲವೇ ಇಲ್ಲವಾಗುತ್ತದೆ.

ಪೂರ್ವ ಜರ್ಮನಿಯ ಲುಸಾಟಿಯಾ ಪ್ರಾಂತದ ಹೊರ್ನೊ ಅಂಥದೊಂದು ಊರು. ಜರ್ಮನ್ ಭಾಷೆಯಲ್ಲಿ ಹೊರ್ನೊ, ಸೋರ್ಬ್ ಭಾಷೆಯಲ್ಲಿ ರೊಗೊವ್. ಸೋರ್ಬರು ಜರ್ಮನರ ನಡುವೆ ಶತಮಾನಗಳಿಂದ ಬಾಳಿಬಂದ ಸ್ಲಾವ್ ಮೂಲದ ಸಣ್ಣ ಜನಾಂಗ. ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿರುವವರ ನುಡಿ ಕೆಳ ಸೋರ್ಬಿಯನ್; ಇಂದು ಅದನ್ನಾಡುವವರು ಕೆಲವೇ ಸಾವಿರ. ನಾಜಿಗಳ ಕಾಲದಲ್ಲಿ ಈ ನುಡಿಯ ಸಾರ್ವಜನಿಕ ಬಳಕೆಯನ್ನು ಹತ್ತಿಕ್ಕಲಾಯಿತು. ಯುದ್ಧಾನಂತರದ ಪೂರ್ವ ಜರ್ಮನಿ ಭಾಷೆಗೆ ಮನ್ನಣೆ ಕೊಟ್ಟಿತಾದರೂ, ಅದೇ ಸರ್ಕಾರ ಸೋರ್ಬರ ಹಳ್ಳಿಗಳ ಕೆಳಗಿದ್ದ ಕಂದು ಕಲ್ಲಿದ್ದಲನ್ನು ತನ್ನ ವಿದ್ಯುತ್ತಿನ ಆಧಾರವಾಗಿಸಿಕೊಂಡಿತು. ಕಂದು ಕಲ್ಲಿದ್ದಲು ನೆಲಕ್ಕೆ ಸಮೀಪದಲ್ಲಿರುವುದರಿಂದ ಸುರಂಗ ಕೊರೆಯುವುದಿಲ್ಲ. ಮೇಲಿನ ಮಣ್ಣನ್ನೆಲ್ಲ ಬಗೆದು ತೆಗೆಯುತ್ತಾರೆ. ಆ ಮಣ್ಣಿನ ಮೇಲೆ ಊರಿದ್ದರೆ ಮೊದಲು ಊರು ಹೋಗಬೇಕು.

1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಹೊರ್ನೊದ ಸುಮಾರು 350 ಜನರಿಗೆ ಆಸೆ ಚಿಗುರಿತು. ಅವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಸೋರ್ಬ್ ಮೂಲದವರು. 1992ರ ಬ್ರಾಂಡೆನ್‌ಬುರ್ಗ್ ಸಂವಿಧಾನದ 25ನೆಯ ವಿಧಿ ಸೋರ್ಬರ ಅಸ್ಮಿತೆಯನ್ನಷ್ಟೇ ಅಲ್ಲದೆ ಅವರ ಪಾರಂಪರಿಕ ನೆಲೆಯನ್ನೂ ರಕ್ಷಿಸುವ ಭರವಸೆ ನೀಡಿತ್ತು. ಆದರೆ ಯೆನ್ಶ್ವಾಲ್ಡೆಯ ಬೃಹತ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಬೇಕಿತ್ತು, ಗಣಿಯ ದಾರಿಯಲ್ಲಿ ಹೊರ್ನೊ ಇತ್ತು.

1995ರಲ್ಲಿ ರಾಜ್ಯದ ಸಂವಿಧಾನ ನ್ಯಾಯಾಲಯ ಗಣಿ ಯೋಜನೆಯನ್ನು ಅನೂರ್ಜಿತಗೊಳಿಸಿದಾಗ ಊರು ಗೆದ್ದಂತೆ ತೋರಿತು. ಆದರೆ ನ್ಯಾಯಾಲಯ ಕಂಡ ದೋಷ ಸ್ಥಳಾಂತರದಲ್ಲಿರಲಿಲ್ಲ. ಅದಕ್ಕೆ ಶಾಸನದ ಆಧಾರವಿಲ್ಲವೆಂಬುದಷ್ಟೇ ತಕರಾರು. 1997ರಲ್ಲಿ ಶಾಸಕಾಂಗ ಆ ಶಾಸನವನ್ನೂ ಮಾಡಿತು. 1998ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು: ನೆಲೆಯ ರಕ್ಷಣೆ ರಾಜ್ಯದ ಗುರಿಯೇ ಹೊರತು ಬೇರೆಲ್ಲ ಹಿತಗಳನ್ನು ಮೀರಿದ ಕಟ್ಟಳೆಯಲ್ಲ. 2000ದ ಮೇ ತಿಂಗಳಲ್ಲಿ ಸ್ಟ್ರಾಸ್‌ಬುರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವೂ ದೂರನ್ನು ತಳ್ಳಿಹಾಕಿತು. ಜನರನ್ನು ಕಳುಹಿಸುತ್ತಿದ್ದುದು ಸೋರ್ಬರ ನೆಲೆಯೊಳಗೇ ಇರುವ ಫೋರ್ಸ್ಟ್ ಪಟ್ಟಣಕ್ಕೆ ಎಂಬುದು ಅದು ಗಣಿಸಿದ ಅಂಶಗಳಲ್ಲೊಂದು.

ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲು ನಮಗೂ ಆಗದು. ಹೊಸ ಹೊರ್ನೊದಲ್ಲಿ ಮನೆಗಳಿವೆ, ನೆರೆಹೊರೆಯಿದೆ, ಊರಿನ ಹೆಸರೂ ಉಳಿದಿದೆ. ಆದರೆ ನೆಲೆ ಎಂದರೆ ನಕಾಶೆಯ ಮೇಲಿನ ಗೆರೆಯೊಳಗಿನ ಯಾವುದೋ ಒಂದು ಜಾಗವೇ? ಹೊಲಕ್ಕೆ, ದಿಣ್ಣೆಗೆ, ಕಾಲುದಾರಿಗೆ ಇಟ್ಟ ಹೆಸರುಗಳಲ್ಲಿ ಒಂದು ನುಡಿ ಎಷ್ಟೋ ಕಾಲ ಅಡಗಿ ಬದುಕಬಲ್ಲದು, ಆಡುವವರು ಕಡಿಮೆಯಾದ ಮೇಲೂ. ಹೊಲವೇ ಹೋದರೆ ಆ ಹೆಸರನ್ನು ಯಾವುದಕ್ಕೆ ಹಿಡಿದು ಕರೆಯುವುದು?

2004ರ ನವೆಂಬರ್ 29ರಂದು ಹಳೆಯ ಚರ್ಚನ್ನು ಸಿಡಿಮದ್ದಿಟ್ಟು ಉರುಳಿಸಲಾಯಿತು. ಆ ಬಳಿಕ ಯಂತ್ರಗಳು ಊರಿದ್ದ ಜಾಗವನ್ನು ದಾಟಿಹೋದವು. 2006ರಲ್ಲಿ ಹೊಸ ಹೊರ್ನೊದಲ್ಲಿ 'ಕಣ್ಮರೆಯಾದ ಊರುಗಳ ದಾಖಲೆಮನೆ' ತೆರೆಯಿತು. ಲುಸಾಟಿಯಾದಲ್ಲಿ ಗಣಿಗಾಗಿ ಪೂರ್ತಿಯಾಗಿಯೋ ಭಾಗಶಃವೋ ಅಳಿದ 130ಕ್ಕೂ ಹೆಚ್ಚು ಊರುಗಳ ನೆನಪು ಅಲ್ಲಿದೆ. ಯೆನ್ಶ್ವಾಲ್ಡೆ ಗಣಿ 2023ರ ಕೊನೆಗೆ ಕೆಲಸ ನಿಲ್ಲಿಸಿತು. ಹೊರ್ನೊವನ್ನು ಬಲಿಗೊಟ್ಟು ಪಡೆದದ್ದು ಸುಮಾರು ಎರಡು ದಶಕಗಳ ಗಣಿಗಾರಿಕೆ.

ಹೊರನಾಡಿನಲ್ಲಿರುವ ನಾವು ನುಡಿಯನ್ನು ಸಂಘಗಳಲ್ಲಿ, ಪುಸ್ತಕಗಳಲ್ಲಿ, ಮಕ್ಕಳ ವಾರಾಂತ್ಯದ ತರಗತಿಗಳಲ್ಲಿ ಕಾಪಾಡಿಕೊಂಡಿದ್ದೇವೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆಯ ಹಿಂದೆ ಒಂದು ಧೈರ್ಯವಿದೆ: ದೂರದಲ್ಲಿ ಎಲ್ಲೋ ಒಂದು ಊರಿನಲ್ಲಿ, ಯಾರ ಪ್ರಯತ್ನವೂ ಇಲ್ಲದೆ, ಬಾವಿಕಟ್ಟೆಯ ಬಳಿ ಕನ್ನಡ ನಡೆದೇ ಇರುತ್ತದೆ ಎಂಬುದು. ಸೋರ್ಬರು ಎಷ್ಟೋ ಊರುಗಳಲ್ಲಿ ಒಂದೊಂದಾಗಿ ಕಳೆದುಕೊಂಡದ್ದು ಆ ಧೈರ್ಯವನ್ನು.