ಕರೆಂಟು ಬಂದಾಗ ತಾನೇ ಏಳುವ ಯಂತ್ರ

ಪಾಂಡವಪುರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಈಗ ಇರುವವರು ಅಣ್ಣ, ಅತ್ತಿಗೆ ಇಬ್ಬರೇ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ನಡುರಾತ್ರಿಯಲ್ಲಿ ಬಂದರೂ ಎದ್ದು, ಟಾರ್ಚು ಹಿಡಿದು, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಸ್ಟಾರ್ಟರ್ ಒತ್ತಿ ಬರುವುದು ಅಣ್ಣನವರ ವಾಡಿಕೆ. ಹಾವಿನ ಭಯವಿದೆ, ಈಚೆಗೆ ಚಿರತೆಯ ಭಯವೂ ಸೇರಿದೆ. ಆಟೋ ಸ್ಟಾರ್ಟರ್ ಹಾಕಿಸಿಯೂ ನೋಡಿದರು. ಅದು ಕರೆಂಟು ಬಂದೊಡನೆ ಮೋಟಾರನ್ನು ಓಡಿಸುತ್ತಿತ್ತೇ ಹೊರತು ಬಾವಿಯಲ್ಲಿ ನೀರಿದೆಯೇ ಎಂದು ಕೇಳುತ್ತಿರಲಿಲ್ಲ. ಒಮ್ಮೆ ಮೋಟಾರಿನ ಕಾಯಿಲ್ ಸುಟ್ಟುಹೋಯಿತು. ಕಳೆದ ಮಳೆಗಾಲದಲ್ಲಿ ಅಣ್ಣ ಬದುವಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಗ ನನ್ನ ಮೊಮ್ಮಗ, ತೋಟದ ಪಂಪನ್ನೂ ಮನೆಯ ಟ್ಯಾಂಕಿನ ಮೋಟಾರನ್ನೂ ಒಂದು ಪುಟ್ಟ ಕಂಪ್ಯೂಟರಿಗೆ ಒಪ್ಪಿಸೋಣವೆಂದ. ಯಾವುದನ್ನು ಕೊಳ್ಳುವುದೆಂಬ ಚರ್ಚೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ ನಾನೂ ತಲೆಹಾಕಿದೆ.

ತಾನಾಗಿ ನಡೆಯುವ ಯಂತ್ರ ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲೇ 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಕಟ್ಟೆಯ ಹಿನ್ನೀರು ಕೆ.ಆರ್.ಪೇಟೆ ತಾಲ್ಲೂಕಿನವರೆಗೂ ಹಬ್ಬಿದೆ. ಆ ಕಟ್ಟೆಗೆ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಗಿತ್ತು. ಅಂಥ ಬಾಗಿಲುಗಳನ್ನು ಅವರು 1903ರಲ್ಲಿಯೇ ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯದಲ್ಲಿ ಮೊದಲು ಕೂರಿಸಿದ್ದರು. ಮಟ್ಟ ಮೀರಿ ಏರಿದ ನೀರೇ ಬಾಗಿಲನ್ನು ತೆರೆಸುತ್ತಿತ್ತು. ನಾಗಮಂಗಲದ ಗಡಿಯಾಚೆ, ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟಿನ ಸೈಫನ್ ಇನ್ನೂ ಸೊಗಸು: ನೀರು ನಿಗದಿತ ಮಟ್ಟ ದಾಟಿದರೆ ತಾನೇ ಸೆಳೆಯತೊಡಗುತ್ತದೆ, ಮಟ್ಟ ಇಳಿದು ಒಳಗೆ ಗಾಳಿ ಹೊಕ್ಕರೆ ತಾನೇ ನಿಲ್ಲುತ್ತದೆ. ಅದಕ್ಕೆ ಕರೆಂಟೇ ಬೇಡ. ಎಲ್ಲಿ ನೀರಿದೆಯೋ ಅಲ್ಲಿಯೇ ನಿರ್ಣಯ.

ಕಂಪ್ಯೂಟರಿನ ಕಥೆಗೆ ಬರುತ್ತೇನೆ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ ‘ಬಿಬಿಸಿ ಮೈಕ್ರೋ’ ಎಂಬ ಯಂತ್ರಗಳನ್ನು ಕೊಟ್ಟಿತು. ಅದನ್ನು ತಯಾರಿಸಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ. ಅದೇ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಆರ್ಮ್ ಎಂಬ ಚಿಪ್ 1985ರ ಏಪ್ರಿಲಿನಲ್ಲಿ ಕೈಗೆ ಬಂದಿತು. ಪರೀಕ್ಷಿಸುವಾಗ ಆಮ್ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತಿತ್ತಂತೆ. ನೋಡಿದರೆ ಚಿಪ್ಪಿಗೆ ವಿದ್ಯುತ್ತನ್ನೇ ಜೋಡಿಸಿರಲಿಲ್ಲ. ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದಷ್ಟರಲ್ಲೇ ಅದು ಲೆಕ್ಕ ಮಾಡುತ್ತಿತ್ತು! ಅಲ್ಪಾಹಾರಿ ಕಂಪ್ಯೂಟರುಗಳ ವಂಶ ಬೆಳೆದದ್ದು ಅಲ್ಲಿಂದ.

ಆ ವಂಶದ ಒಂದು ಕುಡಿ ಬೆಂಗಳೂರಿನಲ್ಲಿ ಮೊಳೆಯಿತೆಂಬುದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಅಧ್ಯಾಪಕರೂ ಎನ್ಕೋರ್ ಕಂಪನಿಯ ತಂತ್ರಜ್ಞರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಬೆಳಕು ಕಂಡಿತು. ಅಂಗೈಯಲ್ಲಿ ಹಿಡಿಸುವ ಯಂತ್ರ, ಒಳಗೆ ಆರ್ಮ್ ವಂಶದ ಚಿಪ್, ಲಿನಕ್ಸ್ ತಂತ್ರಾಂಶ. ಓದು ಬಾರದವರೂ ಬಳಸುವಂತಾಗಬೇಕೆಂಬುದು ಅವರ ಆಸೆ. 2004ರ ಮಾರ್ಚಿನಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕರ್ನಾಟಕ ಸರ್ಕಾರ ಜಮೀನಿನ ದಾಖಲೆಗಳ ಕೆಲಸಕ್ಕೂ ಬಳಸಿತು. ಆದರೆ ಸುಮಾರು ಹತ್ತು ಸಾವಿರ ರೂಪಾಯಿ ಹಳ್ಳಿಯವರಿಗೆ ಹೆಚ್ಚಾಯಿತು, ಪಟ್ಟಣದವರ ಕೈಗೆ ಮೊಬೈಲ್ ಬಂದಿತ್ತು. ಎಣಿಸಿದಷ್ಟು ಮಾರಾಟವಾಗಲಿಲ್ಲ. ಎಂಟು ವರ್ಷಗಳ ತರುವಾಯ, 2012ರ ಫೆಬ್ರವರಿ 29ರಂದು, ಅದೇ ಕೇಂಬ್ರಿಡ್ಜಿನಿಂದ ಆರ್ಮ್ ಚಿಪ್ಪಿನ ‘ರಾಸ್ಪ್‌ಬೆರಿ ಪೈ’ 35 ಡಾಲರಿಗೆ ಬಂದಾಗ ಜಗತ್ತೇ ಮುಗಿಬಿದ್ದಿತು. ಸಿಂಪ್ಯೂಟರ್ ಮಾಡಿದವರನ್ನು ನೆನೆದು ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಮೊಮ್ಮಗನ ಒಲವು ರಾಸ್ಪ್‌ಬೆರಿ ಪೈ ಕಡೆಗಿತ್ತು. ಅದರ ಸಾಮರ್ಥ್ಯವನ್ನು ಅವನು ಬಣ್ಣಿಸಿದ್ದೆಲ್ಲವನ್ನೂ ಕೇಳಿಸಿಕೊಂಡು ಅಣ್ಣ ಒಂದೇ ಮಾತು ಕೇಳಿದರು: “ಕರೆಂಟು ಹೋಗಿ ಬಂದ್ರೆ ಅದು ತಾನಾಗೇ ಎದ್ದೇಳ್ತದೇನ್ಲಾ?”

ಪ್ರಶ್ನೆಯ ಮರ್ಮ ಅಲ್ಲಿತ್ತು. ಪೈ ಪೂರ್ಣ ಪ್ರಮಾಣದ ಕಂಪ್ಯೂಟರು. ಮೆಮೊರಿ ಕಾರ್ಡಿನ ಮೇಲೆ ಏನಾದರೂ ಬರೆಯುತ್ತಿರುವಾಗ ಹಠಾತ್ತನೆ ವಿದ್ಯುತ್ ನಿಂತರೆ ಕಡತಗಳು ಕೆಡುವ ಸಂಭವವುಂಟು. ಕೆಡದಿದ್ದರೂ ಏಳಲು ಅರ್ಧ ನಿಮಿಷವೋ ಹೆಚ್ಚೋ ಬೇಕು. ಬ್ಯಾಟರಿಯ ಲೆಕ್ಕ ಬೇರೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ. 3 ವ್ಯಾಟ್ ಉಣ್ಣುವ ಯಂತ್ರಕ್ಕೆ ಅದು ಒಂದು ಹಗಲು ಒಂದು ರಾತ್ರಿಗೆ ಮುಗಿಯುತ್ತದೆ. ಅರ್ಧ ವ್ಯಾಟ್ ಸಾಕೆನ್ನುವುದಕ್ಕೆ, ನಷ್ಟ ಕಳೆದರೂ, ನಾಲ್ಕೈದು ದಿನ ಬರುತ್ತದೆ. ಅಲ್ಪಾಹಾರದ ಬೆಲೆ ತಿಳಿಯುವುದು ಕರೆಂಟಿನ ಬಿಲ್ಲಿನಲ್ಲಲ್ಲ, ಕರೆಂಟು ಇಲ್ಲದ ಹೊತ್ತಿನಲ್ಲಿ.

ಕೊನೆಗೆ ಆರಿಸಿದ್ದು ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ 32 ಎಂಬ ಚಿಪ್ಪಿನ ಎರಡು ಹಲಗೆಗಳನ್ನು. ಬೆರಳುದ್ದ, ಬೆಲೆ ನೂರುಗಳ ಲೆಕ್ಕ. ಅದರಲ್ಲಿ ಚಿತ್ರ ನೋಡಲಾಗದು, ಹಾಡು ಕೇಳಲಾಗದು. ಬರೆದಿಟ್ಟ ಒಂದೇ ಪಾಠವನ್ನು ಕರೆಂಟು ಬಂದ ಒಂದೆರಡು ಕ್ಷಣಗಳಲ್ಲಿ ಮೊದಲಿನಿಂದ ಒಪ್ಪಿಸುತ್ತದೆ. ಒಂದು ಮನೆಯ ಟ್ಯಾಂಕಿಗೆ. ಇನ್ನೊಂದು ಪಂಪ್‌ಹೌಸಿನಲ್ಲಿ: ಮೂರು ಫೇಸೂ ಇವೆಯೇ, ಬಾವಿಯಲ್ಲಿ ನೀರಿದೆಯೇ ಎಂದು ನೋಡಿಕೊಂಡು ಸ್ಟಾರ್ಟರಿಗೆ ಅಪ್ಪಣೆ ಕೊಡುತ್ತದೆ. ಅಲ್ಲಿಗೆ ಇಂಟರ್ನೆಟ್ ಮುಟ್ಟುವುದಿಲ್ಲ, ಮುಟ್ಟಬೇಕಾದ್ದೂ ಇಲ್ಲ. ಸ್ಟಾರ್ಟರಿನ ತಂತಿಯ ಕೆಲಸವನ್ನು ಮಾತ್ರ ಮೊಮ್ಮಗನಿಗೆ ಬಿಡದೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆವು.

ಹಳೆಯ ಸ್ಟಾರ್ಟರಿನ ಹಸಿರು ಗುಂಡಿಯನ್ನು ತೆಗೆಯಲು ಅಣ್ಣ ಒಪ್ಪಲಿಲ್ಲ. ಅದು ಅಲ್ಲಿಯೇ ಇದೆ. ಟಾರ್ಚು ಇನ್ನೂ ದಿಂಬಿನ ಪಕ್ಕದಲ್ಲಿರುತ್ತದೆಂದು ಅತ್ತಿಗೆ ಹೇಳುತ್ತಾರೆ.